ಅಪ್ಪನ ಶೆಡ್ಡಿನ ಬಾಗಿಲು ತೆರೆದ ದಿನ

ಶಿಲ್ಪಿಯಾಗಿದ್ದ ಅಪ್ಪನ ಕೆಲಸದ ಶೆಡ್ಡನ್ನು ಎಲ್ಲರಿಗೂ ತೆರೆದ ಕಳೆದ ಭಾನುವಾರ, ಕಾರ್ಕಳದ ನಮ್ಮ ಮನೆಗೆ, ಶೆಡ್ಡಿಗೆ, ಹಿಂದಿನ ತೋಟಕ್ಕೆ ಎಷ್ಟೊಂದು ಜನ ಬಂದಿರಿ! ಹಂಚು ಕೊಟ್ಟವರು, ವಯರಿಂಗ್ ಮಾಡಿದವರು, ಅವಲಕ್ಕಿ ಕಲಸಿದ ನೆರೆಮನೆಯ ಅಕ್ಕಂದಿರು, ಮಕ್ಕಳನ್ನು ಕರೆತಂದ ಟೀಚರುಗಳು, ಎಲ್ಲರಿಗೂ ಕೈಮುಗಿಯುತ್ತೇನೆ. ಅಪ್ಪನ ಕೊನೆಯ ತಿಂಗಳುಗಳು ನಿಮಗೆ ಗೊತ್ತೇ ಇವೆ. ನಾನು ಬರೆಯಬೇಕಾದ್ದು ಅಣ್ಣನ ಬಗ್ಗೆ.

ಅಣ್ಣ ನನ್ನ ಒಡಹುಟ್ಟಿದವರಲ್ಲ, ಅಪ್ಪನ ಶಿಷ್ಯ. ಹದಿನಾರನೇ ವಯಸ್ಸಿಗೆ ಕೆಲಸ ಕಲಿಯಲು ಬಂದವರು ಮತ್ತೆ ಹೋಗಲೇ ಇಲ್ಲ. ರೆಂಜಾಳ ಗೋಪಾಲ ಶೆಣೈಯವರು ಕಾರ್ಕಳದಲ್ಲಿ ಕಡೆದ 39 ಅಡಿಯ ಬಾಹುಬಲಿ 1973ರಲ್ಲಿ ಧರ್ಮಸ್ಥಳಕ್ಕೆ ಹೊರಟಾಗ ಅಪ್ಪ ದಾರಿ ಬದಿಯಲ್ಲಿ ನಿಂತು ನೋಡಿದ್ದರಂತೆ. ಆ ಕಥೆಯನ್ನು ನನಗಿಂತ ಜಾಸ್ತಿ ಸಲ ಕೇಳಿದವರು ಅಣ್ಣ.

ಅಪ್ಪ ತೀರಿಹೋದ ವರ್ಷ ನಾನು ಇಂಗ್ಲೆಂಡಿನಲ್ಲಿರುವ ಮಗಳ ಮನೆಗೆ ಹೋಗಿದ್ದೆ. ಅವಳು ಸೇಂಟ್ ಐವ್ಸ್ ಎಂಬ ಊರಿಗೆ ಕರೆದುಕೊಂಡು ಹೋದಳು. ಅಲ್ಲಿ ಶಿಲ್ಪಿ ಬಾರ್ಬರಾ ಹೆಪ್‌ವರ್ತ್ 1949ರಲ್ಲಿ ಕೊಂಡ ಮನೆಯಿದೆ. 1975ರಲ್ಲಿ ಅದೇ ಮನೆಯಲ್ಲಿ ಬೆಂಕಿ ಬಿದ್ದು ಅವರು ತೀರಿಕೊಂಡರು. ಮರುವರ್ಷ, ಅವರ ಆಸೆಯಂತೆ, ಜನರಿಗೆ ತೆರೆದರು. ತೋಟದ ಗಿಡಗಳ ನಡುವೆ ಕಂಚಿನ ಶಿಲ್ಪಗಳು ಅವರೇ ಇಟ್ಟ ಜಾಗದಲ್ಲಿವೆ. ಕೆಲಸದ ಕೋಣೆಯಲ್ಲಿ ಉಳಿ, ಸುತ್ತಿಗೆ, ಮುಗಿಯದ ಕಲ್ಲು, ನೇತುಹಾಕಿದ ಕೋಟು. ಆ ಕೋಟು ನೋಡಿ ಅಪ್ಪನ ಬೈರಾಸು ನೆನಪಾಯಿತು. ಅಲ್ಲಿಂದಲೇ ಫೋನ್ ಮಾಡಿದೆ. "ಅಣ್ಣ, ಶೆಡ್ಡಿನಲ್ಲಿ ಏನೂ ಸರಿಸಬೇಡಿ."

"ನಾನೆಲ್ಲಿ ಸರಿಸಿದ್ದೇನೆ ತಂಗಿ? ದಿನಾ ಗುಡಿಸ್ತೇನೆ, ಅಷ್ಟೇ."

ಆಮೇಲೆ ಬಂತು ಆ ಜುಲೈ ರಾತ್ರಿ. ಗಾಳಿಗೆ ಶೆಡ್ಡಿನ ಒಂದು ಬದಿಯ ಪಕ್ಕಾಸು ಮುರಿದು ಹಂಚು ಉದುರಿತು. ಹಲಗೆಯ ಮೇಲೆ ಅಪ್ಪನ ಮಣ್ಣಿನ ಮಾದರಿಗಳಿದ್ದವು. ಸುಡದ ಮಣ್ಣು, ನೀರು ಬಿದ್ದರೆ ಕರಗಿಯೇ ಹೋಗುತ್ತದೆ. ಅಣ್ಣ ತಲೆಗೆ ಗೋಣಿ ಹಾಕಿಕೊಂಡು ಓಡಿ ಬಂದರು. ಒಂದೊಂದನ್ನು ಎತ್ತುವ ಮೊದಲು ಅದರ ಸುತ್ತ ಹಲಗೆಗೆ ಉಳಿಯಿಂದ ಗೀರು ಹಾಕುತ್ತಿದ್ದರು. "ಮಳೆ ಒಳಗೇ ಬರ್ತಾ ಉಂಟು, ಗೀರು ಯಾಕೆ?" ಅಂತ ಕಿರುಚಿದೆ. ಅವರು ಏನೂ ಹೇಳಲಿಲ್ಲ. ಬೆಳಗಿನವರೆಗೆ ಮಗುವನ್ನು ಎತ್ತಿಕೊಂಡ ಹಾಗೆ ಎದೆಗೊತ್ತಿ ಒಳಗೆ ತಂದಿಟ್ಟರು. ಎರಡು ಕರಗಿದವು. ಆ ಎರಡಕ್ಕಾಗಿ ಅವರು ಜಗಲಿಯಲ್ಲಿ ಕೂತು ಅತ್ತದ್ದನ್ನು ನಾನು ನೋಡಿದೆ. ಅಪ್ಪ ಹೋದ ದಿನವೂ ನಾನು ಹಾಗೆ ಅತ್ತಿರಲಿಲ್ಲ. ಅವತ್ತು ಅತ್ತೆ.

ಅಣ್ಣ, ಆ ರಾತ್ರಿ ಕಿರುಚಿದ್ದಕ್ಕೆ ಕ್ಷಮಿಸಿ. ಈಗ ಪ್ರತಿಯೊಂದೂ ತನ್ನ ಗೀರಿನೊಳಗೇ ಕೂತಿದೆ.

ಅಪ್ಪ ಅರ್ಧಕ್ಕೆ ಬಿಟ್ಟ ಕೃಷ್ಣಶಿಲೆಯ ಗಣಪತಿಯ ಬಗ್ಗೆ ಭಾನುವಾರ ತುಂಬಾ ಜನ ಕೇಳಿದಿರಿ. ಕಣ್ಣು ಬಿಡಿಸುವುದು ಯಾವಾಗಲೂ ಕೊನೆಗೆ, ಅಲ್ವಾ? ಅದೊಂದೇ ಬಾಕಿ. ಅಣ್ಣನಿಗೆ ಅದು ಅರ್ಧ ದಿನದ ಕೆಲಸ. ಮುಗಿಸಿಬಿಡಿ ಅಂತ ನಾನೇ ಹೇಳಿದ್ದೆ.

"ಗುರುಗಳ ಕೈ ನಿಂತ ಜಾಗ ಅದು ತಂಗಿ," ಅಂದರು. ಅದರ ಪಕ್ಕದ ನೆಲವನ್ನು ಮಾತ್ರ ಇವತ್ತೂ ಗುಡಿಸಿದ್ದಾರೆ.