ಅವ್ವನ ಮಾತ್ರೆ ಚೀಲ ನೋಡುವವರು ಬೇಕು

ಮಾನ್ಯ ಸಂಪಾದಕರೇ,

ನಮ್ಮವ್ವನಿಗೆ ಎಪ್ಪತ್ತು ದಾಟಿದೆ. ಶುಗರ್, ಬಿಪಿ, ಮಂಡಿನೋವು. ಮಂಡ್ಯದಲ್ಲಿ ಒಬ್ಬ ಡಾಕ್ಟರು, ಮೈಸೂರಿನಲ್ಲಿ ಇನ್ನೊಬ್ಬರು. ಕಳೆದ ತಿಂಗಳು ಬೆಳಗಿನ ಜಾವ ಅವ್ವನ ಮೈಯೆಲ್ಲ ಬೆವತು, ಕೈ ನಡುಗಿ, ಮಾತು ತೊದಲಿತು. ಶುಗರ್ ತೀರಾ ಇಳಿದುಬಿಟ್ಟಿತ್ತು.

ಆಸ್ಪತ್ರೆಯಲ್ಲಿ ಕ್ಲಿನಿಕಲ್ ಫಾರ್ಮಸಿಸ್ಟ್, ಅಂದರೆ ರೋಗಿಯ ಔಷಧಿಗಳನ್ನು ಪರಿಶೀಲಿಸುವ ತಜ್ಞರು, ಒಬ್ಬರು ಅವ್ವನ ಮಾತ್ರೆ ಚೀಲವನ್ನು ಮಂಚದ ಮೇಲೆ ಸುರಿದು ಒಂದೊಂದೇ ಸ್ಟ್ರಿಪ್ ಓದಿದರು. ಎರಡು ಬೇರೆ ಹೆಸರಿನ ಮಾತ್ರೆ, ಒಳಗಿನ ಔಷಧಿ ಮಾತ್ರ ಒಂದೇ: ಶುಗರ್ ಇಳಿಸುವ ಗ್ಲಿಮೆಪಿರೈಡ್. ಅವ್ವ ಎರಡನ್ನೂ ನುಂಗುತ್ತಿದ್ದಳು! ಮಂಡಿನೋವಿಗೆ ಅಂಗಡಿಯಲ್ಲಿ ಸುಮ್ನೆ ಕೇಳಿ ತಂದಿದ್ದ ಡೈಕ್ಲೋಫೆನಾಕ್‌ನಿಂದ ಬಿಪಿ ಏರಬಹುದು, ಕಿಡ್ನಿಗೂ ತೊಂದರೆ ಅಂತ ಬಿಡಿಸಿ ಹೇಳಿದರು. ಹತ್ತೇ ನಿಮಿಷದ ಕೆಲಸ. ಅಷ್ಟು ದಿನ ಯಾರೂ ಮಾಡಿರಲಿಲ್ಲ.

ಇಂಥವರು ನಮ್ಮೂರ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲೇ ಇದ್ದಿದ್ದರೆ? ಅಲ್ಲಿನ ಫಾರ್ಮಸಿಸ್ಟರನ್ನು ನಾನು ದೂರುವುದಿಲ್ಲ. ಮಾತ್ರೆ ಕೊಡಬೇಕು, ಸ್ಟಾಕ್ ಬರೆಯಬೇಕು, ಕ್ಯೂ ಬೇರೆ. ಕೂತು ಮಾತಾಡಲು ಪುರುಸೊತ್ತೆಲ್ಲಿ?

ಇಂಥ ಕೆಲಸಕ್ಕೆ ತಯಾರು ಮಾಡುವ ಆರು ವರ್ಷದ ಫಾರ್ಮ್ ಡಿ (ಡಾಕ್ಟರ್ ಆಫ್ ಫಾರ್ಮಸಿ) ಕೋರ್ಸ್ ನಮ್ಮ ದೇಶದಲ್ಲಿ 2008ರಲ್ಲೇ ಶುರುವಾಯಿತು. ಮೈಸೂರಿನ ಜೆಎಸ್‌ಎಸ್ ಫಾರ್ಮಸಿ ಕಾಲೇಜಿನಲ್ಲೂ ಅದನ್ನು ಕಲಿಸುತ್ತಾರೆ. ಓದಿದವರು ಪಕ್ಕದಲ್ಲೇ ಇದ್ದಾರೆ, ಅಲ್ವಾ? ಇಂಗ್ಲೆಂಡಿನಲ್ಲಿ ಡಾಕ್ಟರ ಕ್ಲಿನಿಕ್‌ನಲ್ಲೇ ಇಂಥವರು ಕೂತು ರೋಗಿಗಳ ಮಾತ್ರೆಗಳನ್ನು ಪರಿಶೀಲಿಸುತ್ತಾರೆ.

ಆರೋಗ್ಯ ಇಲಾಖೆ ಮೊದಲು ಮಂಡ್ಯ, ಮೈಸೂರು ಜಿಲ್ಲೆಗಳ ಕೆಲವು ಕೇಂದ್ರಗಳಲ್ಲಾದರೂ ವಾರಕ್ಕೊಂದು ದಿನ ಇಂಥವರನ್ನು ಕೂರಿಸಲಿ. ವಯಸ್ಸಾದವರು ಮನೆಯ ಮಾತ್ರೆಗಳನ್ನೆಲ್ಲ ಚೀಲದ ಸಮೇತ ತಂದು ತೋರಿಸುವಂತಾಗಲಿ.

ಓದುಗ, ಮಂಡ್ಯ