ಬಾಲ್ಕನಿಯ ಸೊಪ್ಪು, ನಿನ್ನ ಹೊಸ ಓವನ್ನು

ಸಾಗರ

ಚಿ. ಅನುಪಮಾಳಿಗೆ ದೊಡ್ಡಮ್ಮನ ಆಶೀರ್ವಾದಗಳು.

ಇತ್ತ ಎಲ್ಲರೂ ಕ್ಷೇಮ. ಮಳೆ ಹಿಡಿದುಕೊಂಡಿದೆ. ಅಂಗಳ ಜಾರುತ್ತದೆಂದು ನಿನ್ನ ದೊಡ್ಡಪ್ಪ ನನ್ನನ್ನು ಹಿತ್ತಿಲಿಗೆ ಬಿಡುತ್ತಿಲ್ಲ, ಹಾಗಾಗಿ ಬರೆಯಲು ಪುರುಸೊತ್ತು ಸಿಕ್ಕಿತು.

ನಿನ್ನ ಕೇಕಿನ ಫೋಟೋ ನೋಡಿದೆ. ಪುದೀನ, ತುಳಸಿ, ದೊಡ್ಡಪತ್ರೆ ಮೂರನ್ನೂ ಒಟ್ಟಿಗೆ ರುಬ್ಬಿ ಹಾಕಿದೆಯಂತೆ, "ಕೆಮ್ಮಿನ ಔಷಧಿ ಥರ ಇತ್ತು ದೊಡ್ಡಮ್ಮಾ" ಅಂದೆ. ಇರದೇ ಏನು! ಮೂರೂ ಕೆಮ್ಮಿನ ಕಷಾಯಕ್ಕೆ ಬೀಳುವ ಸೊಪ್ಪೇ. ಒಂದು ಸಲಕ್ಕೆ ಒಂದೇ ಸೊಪ್ಪು ಹಿಡಿ. ಅದು ಪರಿಮಳ ಬಿಡುವುದು ಹಾಲಿಗೋ, ತುಪ್ಪಕ್ಕೋ, ಬರೀ ತಣ್ಣೀರಿಗೋ ಅಂತ ಮೊದಲು ನೋಡಿಕೋ.

ಮಜ್ಜಿಗೆಹುಲ್ಲಿನಿಂದ ಶುರು ಮಾಡು, ನೀವು ಲೆಮನ್‌ಗ್ರಾಸ್ ಅನ್ನುತ್ತೀರಲ್ಲ, ಅದೇ. ನಿಂಬೆಸಿಪ್ಪೆಯ ಘಮವೇ ಅದರಲ್ಲಿ, ಆದರೆ ಹುಳಿಯಿಲ್ಲ. ನಿಂಬೆರಸ ಬಿದ್ದರೆ ಹಾಲು ಒಡೆಯುತ್ತದೆ, ಇದಕ್ಕೆ ಒಡೆಯುವುದಿಲ್ಲ. ನಾಲ್ಕೆಲೆ ಸೇರಿಸಿ ಗಂಟು ಹಾಕಿ ಒಂದು ಲೋಟ ಹಾಲಿಗೆ ಬಿಡು. ಅಂಚಿನಲ್ಲಿ ಗುಳ್ಳೆ ಬಂದ ಕೂಡಲೇ ಒಲೆ ಆರಿಸಿ, ತಟ್ಟೆ ಮುಚ್ಚಿ 20 ನಿಮಿಷ ಇಡು. ಕುದಿಸುತ್ತಾ ಕೂತರೆ ಘಮವೆಲ್ಲ ಹಬೆಯ ಜೊತೆ ಹೋಗಿ ಒಣಹುಲ್ಲಿನ ರುಚಿ ಉಳಿಯುತ್ತದೆ. ಗಂಟನ್ನು ಹಿಂಡಿ ತೆಗೆದು, ಆ ಹಾಲಲ್ಲೇ ರವೆ ನೆನೆಸಿ ಕೇಕ್ ಮಾಡು, ಏಲಕ್ಕಿ ಬೇಡ. ಮಿಕ್ಕ ಹಾಲಿಗೆ ಬೆಲ್ಲ ಹಾಕಿ ಕುಡಿ. ಬೆಲ್ಲ ಮಾತ್ರ ಒಲೆಯಿಂದ ಇಳಿಸಿದ ಮೇಲೆ, ಇಲ್ಲದಿದ್ದರೆ ಅದೂ ಒಡೆದೀತು.

ದೊಡ್ಡಪತ್ರೆಯ ವಿಷಯದಲ್ಲಿ ನಾನೇ ಪೆಟ್ಟು ತಿಂದವಳು. ತಂಬುಳಿ ಮಾಡಿ ಮಾಡಿ ಕೈ ಪಳಗಿದೆ ಅಂದುಕೊಂಡು, ಹಸಿ ಎಲೆ ಹೆಚ್ಚಿ ಬನ್ನಿನ ಹಿಟ್ಟಿಗೆ ಕಲಸಿದ್ದೆ. ಆ ದಪ್ಪ ಎಲೆಯ ತುಂಬಾ ನೀರು. ಹಿಟ್ಟು ಅಂಟಂಟಾಗಿ, ಬೆಂದ ಬನ್ನಿನೊಳಗೆ ಎಲೆ ಇದ್ದಲ್ಲೆಲ್ಲ ಹಸಿರು ಲೋಳೆ. ನಿಮ್ಮಪ್ಪ ಬಿಡಿಸಿ ನೋಡಿ ಸುಮ್ಮನೆ ತಟ್ಟೆ ಪಕ್ಕಕ್ಕಿಟ್ಟ. ಈಗ ಸಣ್ಣಗೆ ಹೆಚ್ಚಿ, ತಂಬುಳಿಗೆ ಬಾಡಿಸುವ ಹಾಗೇ ತುಪ್ಪದಲ್ಲಿ ಬಾಡಿಸಿ, ಪೂರ್ತಿ ಆರಿಸಿ ಕಲಸುತ್ತೇನೆ. ಓಮದಂಥ ಖಾರ ತುಪ್ಪಕ್ಕೆ ಇಳಿದಿರುತ್ತದೆ. ನೀವು ಪಿಜ್ಜಾ ಮೇಲೆ ಉದುರಿಸುವ ಆ ಒಣಪುಡಿಗೆ ಬದಲು ಇದನ್ನೇ ಹಾಕಿ ನೋಡು.

ಪುದೀನ ಓವನ್ನಿಗೆ ಬೇಡವೇ ಬೇಡ. ಕೈಯಲ್ಲಿ ಒಮ್ಮೆ ತಟ್ಟಿ ಪಾನಕಕ್ಕೆ ಹಾಕು, ಸಾಕು. ರುಬ್ಬಿದರೆ ಕಹಿ. ತುಳಸಿಯ ಬಗ್ಗೆ ಒಂದು ಮಾತು: ಅಡುಗೆಗೆ ಬೇರೆ ಕುಂಡ ಇಟ್ಟುಕೋ. ಪೂಜೆಯ ಗಿಡದಿಂದ ದ್ವಾದಶಿ ದಿನ ಕೀಳುವ ಹಾಗಿಲ್ಲ. ನಿನಗೆ ತಿಥಿ ನೆನಪಿರುವುದೂ ಅಷ್ಟರಲ್ಲೇ ಇದೆ.

ಶಂಖಪುಷ್ಪದ ನೀಲಿ ನೀರಿಗೆ ನಿಂಬೆ ಹಿಂಡಿದರೆ ನೇರಳೆಯಾಗುವುದನ್ನು ನಿನ್ನ ಮಗನಿಗೆ ತೋರಿಸು, ಕುಣಿಯುತ್ತಾನೆ. ಆದರೆ ಆ ಬಣ್ಣ ನಂಬಿ ಸೋಡಾ ಹಾಕುವ ಕೇಕಿಗೆ ಕೈ ಹಾಕಬೇಡ. ಹುಳಿಗೆ ನೇರಳೆಯಾದದ್ದು ಸೋಡಾಕ್ಕೆ ಪಾಚಿಬಣ್ಣಕ್ಕೆ ತಿರುಗುತ್ತದೆ. ರುಚಿಯಂತೂ ಮೊದಲೇ ಇಲ್ಲ.

ಇನ್ನು ಕರಿಬೇವು. ಅಯ್ಯಂಗಾರ್ ಬೇಕರಿಯ ಖಾರಾ ಬಿಸ್ಕತ್ ತಿಂದೇ ಬೆಳೆದವಳು ನೀನು, ಹೊಸದೇನು ಹೇಳಲಿ. 200 ಗ್ರಾಂ ಮೈದಾಕ್ಕೆ 100 ಗ್ರಾಂ ಬೆಣ್ಣೆ, ಎರಡು ಹಸಿಮೆಣಸು, ಚಿಟಿಕೆ ಇಂಗು, ಉಪ್ಪು, ಒಂದು ಚಮಚ ಸಕ್ಕರೆ, ಕಲಸಲು ಬೇಕಾದಷ್ಟೇ ಮೊಸರು. ಎರಡು ಎಸಳು ಕರಿಬೇವನ್ನು ತೊಳೆದು ಬಟ್ಟೆಯ ಮೇಲೆ ಹರಡಿ, ಮುಟ್ಟಿದರೆ ತೇವ ಹತ್ತದ ಹಾಗೆ ಆರಿಸಿಯೇ ಹೆಚ್ಚು. ಹಸಿ ಉಳಿದರೆ ಮರುದಿನಕ್ಕೇ ಬಿಸ್ಕತ್ ಮೆತ್ತಗೆ. 180 ಡಿಗ್ರಿಯಲ್ಲಿ ಅಂಚು ಕೆಂಪಾಗುವವರೆಗೆ ಬೇಯಿಸು. ಗಡಿಯಾರಕ್ಕಿಂತ ಮೂಗನ್ನು ನಂಬು, ಒಬ್ಬೊಬ್ಬರ ಓವನ್ ಒಂದೊಂದು ಥರ.

ಮುಂದಿನ ವಾರ ನಿನ್ನಣ್ಣ ಬೆಂಗಳೂರಿಗೆ ಬರುವಾಗ ಮಜ್ಜಿಗೆಹುಲ್ಲಿನ ಎರಡು ಬುಡ ಕಳಿಸುತ್ತೇನೆ. ದೊಡ್ಡ ಕುಂಡದಲ್ಲೇ ನೆಡು, ಬಿಸಿಲು ಬೇಕು. ಹೊಸ ಎಲೆ ದಟ್ಟವಾಗುವವರೆಗೆ ಕೊಯ್ಯಬೇಡ. ಅಂಚು ಕೈ ಸೀಳುತ್ತದೆ, ಎಳೆಯದೆ ಕತ್ತರಿಯಲ್ಲೇ ಕತ್ತರಿಸು.

ನನ್ನ ಸ್ಟೀಲ್ ಡಬ್ಬಿ ಯುಗಾದಿಯಿಂದ ನಿನ್ನಲ್ಲೇ ಇದೆ. ಅಣ್ಣನ ಕೈಯಲ್ಲಿ ವಾಪಸ್ ಕಳಿಸು, ಖಾಲಿ ಕಳಿಸಬೇಡ. ದೊಡ್ಡಪ್ಪನಿಗೆ ಮೆಣಸು ಒಂದೇ ಸಾಕು.

ಇಂತಿ,
ನಿನ್ನ ದೊಡ್ಡಮ್ಮ