ನಿರೀಕ್ಷೆಯನ್ನು ಅದು ಬಂದ ಜಾಗದಲ್ಲೇ ಬಿಡು

ಕ್ರಿಸ್ತನಲ್ಲಿ ಪ್ರಿಯ ಮಗಳೇ,

ಅಪ್ಪನ ಕಾಯಿಲೆ, ಸಾವುಗಳ ಬಗ್ಗೆ ನೀನು ಬರೆದ ಹಸ್ತಪ್ರತಿ ಕೈಸೇರಿ ಮೂರು ವಾರಗಳಾದವು. ಎರಡು ಸಲ ಓದಿದೆ. ಮೊದಲ ಸಲ ಒಂಬತ್ತನೆಯ ಅಧ್ಯಾಯದ ಮಧ್ಯದಲ್ಲಿ ಎದ್ದು ಹೊರಗೆ ಹೋಗಿ ಸ್ವಲ್ಪ ಹೊತ್ತು ಜಗಲಿಯಲ್ಲಿ ಕುಳಿತುಬಂದೆ. ಅಧ್ಯಾಯಗಳ ಉದ್ದ ಎಷ್ಟಿರಬೇಕು, ಯಾವ ಪ್ರಕಾಶಕರಿಗೆ ಕಳುಹಿಸಬೇಕು ಎಂದೆಲ್ಲ ಕೇಳಿದ್ದೀಯ. ಅವನ್ನು ಹೇಳಿಕೊಡುವವರು ನಿನ್ನ ಸುತ್ತಲೇ ಇದ್ದಾರೆ, ನಾನು ಹೇಳುವುದಿಲ್ಲ. ಪತ್ರದ ಕೊನೆಗೆ, 'ನನ್ನ ನಂಬಿಕೆಯೇ ಸಾಲದೆ ಹೋಯಿತೇನೋ, ಅದಕ್ಕೇ ಕೊನೆಯ ಅಧ್ಯಾಯದಲ್ಲಿ ಜೀವವಿಲ್ಲ' ಎಂದು ಬರೆದಿದ್ದೀಯಲ್ಲ, ನನ್ನ ಉತ್ತರವೆಲ್ಲ ಆ ಒಂದು ಮಾತಿಗೆ.

ಒಂಬತ್ತನೆಯ ಅಧ್ಯಾಯದಲ್ಲಿ ಜುಲೈ ತಿಂಗಳ ಮಳೆ. ಡಯಾಲಿಸಿಸ್ ಮುಗಿಸಿಕೊಂಡು ಅಪ್ಪ ಮನೆಗೆ ಬಂದಿದ್ದಾರೆ. ದಿನಕ್ಕೆ ಇಷ್ಟೇ ನೀರು ಎಂದು ವೈದ್ಯರು ಅಳತೆ ಹಾಕಿರುವುದರಿಂದ ಸ್ಟೀಲಿನ ಪುಟ್ಟ ಲೋಟಕ್ಕೆ ಒಳಗಿನಿಂದ ಮೊಳೆಯಲ್ಲಿ ಗೀರಿ ಗುರುತು ಮಾಡಿಕೊಂಡಿದ್ದಾರೆ. ಆ ಗೀರಿನವರೆಗೆ ನೀರು ತುಂಬಿಸಿ, ಕುಡಿಯದೆ, ಲೋಟವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು, ಸಭೆಯ ಹಾಡುಗಾರರ ಸಾಲಿನಲ್ಲಿ ನಿಂತು ತಾನು ಹಾಡುತ್ತಿದ್ದ ಒಂದು ಸಂಗೀತವನ್ನು ಕೆಳಗಿನ ದನಿಯಲ್ಲಿ ಗುನುಗುತ್ತಾರೆ. ಇಂಥ ಒಂದು ಪುಟ ಬರೆಯಲು ನನಗೆ ನಲವತ್ತು ವರ್ಷ ಸಾಲಲಿಲ್ಲ. ಆದರೆ ಕೊನೆಯ ಅಧ್ಯಾಯದಲ್ಲಿ, ಜನವರಿಯಲ್ಲಿ, ಮರಣದ ಹಾಸಿಗೆಯಲ್ಲಿ ಅದೇ ಅಪ್ಪ ಅದೇ ಹಾಡನ್ನು ಮತ್ತೆ ಹಾಡುತ್ತಾರೆ. ಕೊನೆಯ ಹನ್ನೊಂದು ದಿನ ಅಪ್ಪನಿಗೆ ಮಾತೇ ಇರಲಿಲ್ಲವೆಂದು ನಿನ್ನ ಪತ್ರದಲ್ಲಿ ನೀನೇ ಹೇಳಿದ್ದೀಯ. ಹಾಗಾದರೆ ಅಲ್ಲಿ ಹಾಡಿದವರು ಯಾರು ಮಗಳೇ? ಎರಡೇ ಪುಟದಲ್ಲಿ 'ಗೆಲುವು' ಎಂಬ ಮಾತು ಏಳು ಸಲ ಬಂದಿದೆ. ನಾನು ಎಣಿಸಿದೆ.

ಸತ್ಯವೇದದಲ್ಲಿ, ಅಂದರೆ ಬೈಬಲಿನಲ್ಲಿ, ಪ್ರಲಾಪಗಳು ಎಂಬ ಪುಸ್ತಕವನ್ನು ತೆಗೆದು ಒಂದೇ ಕೂಡ್ರಿಕೆಯಲ್ಲಿ ಓದು. ಐದೇ ಅಧ್ಯಾಯ, ಒಂದೊಂದೂ ಒಂದು ಪದ್ಯ. ಕ್ರಿ.ಪೂ. 586ರ ಸುಮಾರಿಗೆ ಬಾಬೆಲಿನವರು ಯೆರೂಸಲೇಮನ್ನು ಸುಟ್ಟ ಮೇಲಿನ ಅಳು ಅದು. ಹೀಬ್ರು ಅಕ್ಷರಮಾಲೆಯಲ್ಲಿ 22 ಅಕ್ಷರ. ಮೊದಲ ನಾಲ್ಕು ಪದ್ಯಗಳ ವಚನಗಳು ಆ ಅಕ್ಷರಗಳಿಂದ ಸಾಲಾಗಿ ಶುರುವಾಗುತ್ತಾ ನಡೆಯುತ್ತವೆ, ಮೂರನೆಯದರಲ್ಲಿ ಒಂದೊಂದು ಅಕ್ಷರಕ್ಕೆ ಮೂರು ಮೂರು ವಚನ, ಒಟ್ಟು 66. ಊರು ಬೂದಿಯಾಗಿ, ತಾಯಂದಿರ ಕಣ್ಣೆದುರೇ ಮಕ್ಕಳು ಹಸಿದು ಬಿದ್ದಿರುವಾಗ, ಕವಿ ಮೊದಲಕ್ಷರದಿಂದ ಕೊನೆಯಕ್ಷರದವರೆಗೆ ಒಂದೊಂದೇ ಹೆಜ್ಜೆ ಇಡುತ್ತಾನೆ. ತಾಳ್ಮೆ ಎಂದರೆ ಏನೆಂದು ನನಗೆ ಸಭೆಯಲ್ಲಿ ಕೇಳಿದ ಪ್ರಸಂಗಗಳಿಗಿಂತ ಹೆಚ್ಚಾಗಿ ಈ ಅಕ್ಷರಗಳ ಸಾಲು ಕಲಿಸಿತು. ಕರ್ತನ ಕರುಣೆ ದಿನದಿನವೂ ಬೆಳಗ್ಗೆ ಹೊಸದು ಎಂಬ ಮಾತನ್ನು ನಾವು ಕ್ಯಾಲೆಂಡರಿನಲ್ಲಿ ಅಚ್ಚು ಹಾಕಿಸಿ ಗೋಡೆಗೆ ತೂಗುಹಾಕುತ್ತೇವೆ. ಅದು ಎಲ್ಲಿದೆ ನೋಡು: ಮೂರನೆಯ ಅಧ್ಯಾಯದ 22, 23ನೆಯ ವಚನಗಳಲ್ಲಿ, ಪುಸ್ತಕದ ನಟ್ಟನಡುವೆ. ಅದಾದ ಮೇಲೆ ಮತ್ತೆ ಅಳು. ಐದನೆಯ ಪದ್ಯದಲ್ಲಿ 22 ವಚನಗಳಿದ್ದರೂ ಅಕ್ಷರಗಳ ಸಾಲು ಇಲ್ಲ, ದುಃಖಕ್ಕೆ ಆ ಕ್ರಮವನ್ನೂ ಹಿಡಿಯುವ ತ್ರಾಣ ಉಳಿದಿಲ್ಲವೋ ಎಂಬಂತೆ. ಕೊನೆಯ ವಚನದಲ್ಲಿ ದೇವರು ನಮ್ಮನ್ನು ಪೂರಾ ತಳ್ಳಿಬಿಟ್ಟನೋ ಎಂಬ ಸಂಕಟವಿದೆ. ಯೆಹೂದ್ಯರು ಇದನ್ನು ಸಭಾಮಂದಿರದಲ್ಲಿ ಓದುವಾಗ ಅಲ್ಲಿಗೇ ನಿಲ್ಲಿಸಲು ಮನಸ್ಸು ಬಾರದೆ ಅದರ ಹಿಂದಿನ ವಚನವನ್ನು ಇನ್ನೊಮ್ಮೆ ಓದುತ್ತಾರೆ. ಓದುವವರಿಗೆ ಅದು ಸಲ್ಲುತ್ತದೆ. ಬರೆದವನು ಮಾತ್ರ ನಡುವೆ ಬಂದ ನಿರೀಕ್ಷೆಯನ್ನು ಕಿತ್ತು ತಂದು ಕೊನೆಗೆ ನೆಡಲಿಲ್ಲ.

ಈ ತಪ್ಪನ್ನು ನಾನು ಮಾಡಿದ್ದೇನೆ. ನನ್ನ ಹೆಂಡತಿ ಕ್ಯಾನ್ಸರಿನಲ್ಲಿ ಎಂಟು ತಿಂಗಳು ಮಲಗಿದ್ದಳು. ಸಂಜೆ ನಾನು ಸತ್ಯವೇದದ ಇಪ್ಪತ್ತಮೂರನೆಯ ಕೀರ್ತನೆ, ದೇವರು ಕುರುಬನಂತೆ ಕಾಯುತ್ತಾನೆ ಎನ್ನುವುದನ್ನು, ಓದಲು ಹೊರಟರೆ, "ಅದು ಬೇಡ, ಎಂಬತ್ತೆಂಟು ಓದಿ" ಎನ್ನುತ್ತಿದ್ದಳು. ಆ ಕೀರ್ತನೆ ಕತ್ತಲೆಯ ಮಾತಿನಲ್ಲೇ ಮುಗಿಯುತ್ತದೆ, ಬೆಳಕಿನ ಒಂದು ಗೆರೆಯೂ ಕೊನೆಗೆ ಬರುವುದಿಲ್ಲ. ಓದಿ ಮುಗಿಸಿದಾಗ ಅವಳು, "ಇವನಿಗೆ ನನ್ನ ವಿಷಯ ಗೊತ್ತಿದೆ" ಎಂದು ಹೇಳಿ ಗೋಡೆಯ ಕಡೆ ತಿರುಗಿ ನಿದ್ದೆ ಮಾಡುತ್ತಿದ್ದಳು. ಅವಳು ತೀರಿಕೊಂಡ ಮೇಲೆ ಸಭೆಯ ಮಾಸಪತ್ರಿಕೆಯೊಂದಕ್ಕೆ ಲೇಖನ ಬರೆದೆ. ಅದರಲ್ಲಿ ಎಂಬತ್ತೆಂಟು ಇಲ್ಲ. ಇಪ್ಪತ್ತಮೂರನ್ನು ಹೇಳುತ್ತಾ ಸಮಾಧಾನದಿಂದ ಕಣ್ಣು ಮುಚ್ಚಿದಳು ಎಂದು ಬರೆದೆ, ಎಲ್ಲರೂ ಹೊಗಳಿದರು. ಕೆಲವು ತಿಂಗಳ ಮೇಲೆ ಪ್ರಾರ್ಥನಾ ಕೂಟ ಮುಗಿದು ಜನ ಚಪ್ಪಲಿ ಹಾಕಿಕೊಳ್ಳುತ್ತಿರುವಾಗ ಒಬ್ಬ ಹೆಂಗಸು ನನ್ನ ಹತ್ತಿರ ಬಂದಳು. ಗಂಡ ಹಾಸಿಗೆ ಹಿಡಿದಿದ್ದರು. "ನಿಮ್ಮವರ ಹಾಗೆ ಇರಲು ನನ್ನಿಂದ ಆಗುತ್ತಿಲ್ಲ, ನನಗೆ ನಂಬಿಕೆಯೇ ಇಲ್ಲವೇನೋ" ಎಂದಳು. ನನ್ನವಳೂ ಹಾಗಿರಲಿಲ್ಲ ಎಂದು ಹೇಳಲು ನನಗೆ ಬಾಯಿ ಬರಲಿಲ್ಲ. ಆಮೇಲೆ ಆಕೆ ಎಲ್ಲಿಗೆ ಹೋದಳೆಂದು ತಿಳಿಯಲಿಲ್ಲ. ಇಂದಿಗೂ ಬೇರೆ ಊರಿನ ಸಭೆಗೆ ಹೋದರೆ ಹೆಂಗಸರ ಸಾಲಿನಲ್ಲಿ ಆ ಮುಖ ಇದೆಯೋ ಎಂದು ನೋಡುತ್ತೇನೆ.

ನಿನ್ನ ಕೊನೆಯ ಅಧ್ಯಾಯ ಓದಿದಾಗ ನನಗೆ ಸಿಟ್ಟು ಬಂದದ್ದು ಇದಕ್ಕೆ. ನಂಬಿಕೆಯ ಅನುಭವವನ್ನು ಹೇಳುವುದಕ್ಕೆ ನಾವು ಸಭೆಯಲ್ಲಿ ಸಾಕ್ಷಿ ಎನ್ನುತ್ತೇವೆ, ಅದು ನ್ಯಾಯಾಲಯದ ಮಾತೂ ಹೌದು. ಅಲ್ಲಿ ನಿಂತವನು ಕಂಡದ್ದನ್ನು ಹೇಳಬೇಕು, ಕೇಳುವವರಿಗೆ ಹಿತವಾದದ್ದನ್ನಲ್ಲ. ಸತ್ಯವೇದದಲ್ಲಿ ಮಕ್ಕಳನ್ನೂ ಆಸ್ತಿಯನ್ನೂ ಕಳೆದುಕೊಂಡ ಯೋಬನ ಗೆಳೆಯರು ಏಳು ದಿನ ಏಳು ರಾತ್ರಿ ನೆಲದ ಮೇಲೆ ಸುಮ್ಮನೆ ಕುಳಿತಿದ್ದಷ್ಟು ಹೊತ್ತು ಒಳ್ಳೆಯ ಗೆಳೆಯರೇ ಆಗಿದ್ದರು. ಬಾಯಿ ತೆರೆದ ಮೇಲೆ ಅವರು ಆಡಿದ್ದೆಲ್ಲ ದೇವರ ಪರವಾದ ಮಾತೇ. ಆದರೂ ಕೊನೆಯ ಅಧ್ಯಾಯದಲ್ಲಿ ದೇವರ ಸಿಟ್ಟು ತಿರುಗಿದ್ದು ಅವರ ಮೇಲೆ, ಹುಟ್ಟಿದ ದಿನವನ್ನೇ ಶಪಿಸಿದ ಯೋಬನ ಮೇಲಲ್ಲ. 'ತಾಳಿದವನು ಬಾಳಿಯಾನು' ಎಂದು ಸಂಬಂಧಿಕರು ನಿನಗೆ ಹೇಳಿದರಂತೆ. ಅಪ್ಪ ತಾಳಿದರು, ಬಾಳಲಿಲ್ಲ. ಅದನ್ನು ಹಾಗೆಯೇ ಬರೆಯುವ ಧೈರ್ಯ ನಿನಗಿದೆ, ಒಂಬತ್ತನೆಯ ಅಧ್ಯಾಯದಲ್ಲಿ ಅದನ್ನು ಕಂಡಿದ್ದೇನೆ.

ಇನ್ನು ನಿನ್ನ ನಂಬಿಕೆ ಸಾಲದೆಂಬ ಮಾತು. ಆ ಹನ್ನೊಂದು ದಿನವೂ ಅಪ್ಪನ ಮಂಚದ ಕಾಲಿಗೆ ಒರಗಿ ಕುಳಿತು, ಪ್ರಾರ್ಥನೆ ಬಾರದೆ, 'ಕರ್ತನೇ, ಎಲ್ಲಿದ್ದೀ' ಎಂದಷ್ಟೇ ಕೇಳುತ್ತಿದ್ದೆ ಎಂದು ಪತ್ರದಲ್ಲಿ ಬರೆದಿದ್ದೀಯ. ಹಸ್ತಪ್ರತಿಯಲ್ಲಿ ಅದು ಯಾಕಿಲ್ಲ? ಎಲ್ಲಿದ್ದೀ ಎಂದು ಕೇಳುವವಳು ಇನ್ನೂ ಅವನೊಂದಿಗೇ ಮಾತನಾಡುತ್ತಿದ್ದಾಳೆ. ಎಂಬತ್ತೆಂಟನೆಯ ಕೀರ್ತನೆಗಾರನಿಗೂ ನನ್ನವಳಿಗೂ ಇದ್ದದ್ದು ಅಷ್ಟೇ ನಂಬಿಕೆ, ಅಷ್ಟೇ ಅವರನ್ನು ಬೆಳಗಿನವರೆಗೆ ಕೊಂಡೊಯ್ದದ್ದು. ನಮ್ಮ ಕನ್ನಡ ಸತ್ಯವೇದದಲ್ಲಿ ಅಪೊಸ್ತಲ ಪೌಲನ ಮೂರು ಮಾತುಗಳು ನಂಬಿಕೆ, ನಿರೀಕ್ಷೆ, ಪ್ರೀತಿ ಎಂದಿವೆ. ನಡುವಿನದಕ್ಕೆ ಭರವಸೆ ಎನ್ನಬಹುದಿತ್ತು. ಅನುವಾದಕರು ನಿರೀಕ್ಷೆ ಎಂದರು. ಬಾಗಿಲಲ್ಲಿ ನಿಂತು ದಾರಿ ನೋಡುವವರ ಮಾತು ಅದು, ಬರಬೇಕಾದವನು ಇನ್ನೂ ಬಂದಿಲ್ಲದ ಹೊತ್ತಿನ ಮಾತು. ನಿನ್ನ ಏಳು 'ಗೆಲುವು'ಗಳನ್ನೂ ತೆಗೆದುಹಾಕಿ ಅಲ್ಲಿ ಆ ಹನ್ನೊಂದು ದಿನವನ್ನು ಬರೆ. ಹಾಡು ಜುಲೈಯಲ್ಲೇ ಇರಲಿ.

ತಿದ್ದಿದ ಅಧ್ಯಾಯವನ್ನು ಅಂಚೆಯಲ್ಲೇ ಕಳುಹಿಸು, ದೊಡ್ಡ ಅಕ್ಷರದಲ್ಲಿ. ಅವಸರವಿಲ್ಲ, ಈಸ್ಟರ್ ಕಳೆದ ಮೇಲಾದರೂ ಆದೀತು. ಅಮ್ಮನಿಗೆ ನನ್ನ ನಮಸ್ಕಾರ ತಿಳಿಸು. ಒಂದು ಕೇಳುವುದಿದೆ: ಲೋಟ ಹಿಡಿದುಕೊಂಡು ಅಪ್ಪ ಗುನುಗಿದ ಆ ಸಂಗೀತ ಯಾವುದೆಂದು ನೀನು ಎಲ್ಲಿಯೂ ಬರೆದಿಲ್ಲ. ಮೊದಲ ಸಾಲು ತಿಳಿಸು, ನನಗೂ ಬರುತ್ತದೆಯೋ ನೋಡುತ್ತೇನೆ.

ನಿನ್ನ ಹಿತೈಷಿ